ಬಾಣಂತಿಯ ತಲೆನೋವು: ಅಸಡ್ಡೆ ಬೇಡ



 ಸಭೆ ಸೇರಿದಾಗಲೆಲ್ಲ ಉಳಿತಾಯ, ಸಾಲ, ಕಂತಿನ ಲೆಕ್ಕ ಮಾತಾಡ್ತೀವಿ. ಇವತ್ತು ಮಗು ಹುಟ್ಟಿದ ಸಂತೋಷದಲ್ಲಿ ನಾವು ಮರೆತುಬಿಡುವ ಒಂದು ಜೀವದ ಬಗ್ಗೆ ಮಾತಾಡೋಣ. ಅದು ತಾಯಿಯ ಜೀವ.

ಹೆರಿಗೆ ಆಯ್ತು, ತಾಯಿ ಮಗು ಮನೆಗೆ ಬಂದ್ರು, ಇನ್ನೇನೂ ಭಯ ಇಲ್ಲ ಅಂದುಕೊಳ್ತೀವಿ. ನಾಲ್ಕು ದಿನ ಕಳೆದ ಮೇಲೆ ಬಾಣಂತಿ, "ಅಮ್ಮಾ, ತಲೆ ಸಿಡೀತಾ ಇದೆ, ಕಣ್ಣು ಮಂಜಾಗ್ತಿದೆ" ಅಂತಾಳೆ. ನಾವು ಏನಂತೀವಿ? ನಿದ್ದೆಗೆಟ್ಟಿದ್ದೀಯ, ಶೀತ ಆಗಿದೆ, ದೃಷ್ಟಿ ತಾಗಿದೆ. ತಲೆಗೆ ಬಟ್ಟೆ ಕಟ್ಟಿ ಮಲಗಿಸ್ತೀವಿ. ರಾತ್ರಿ ಫಿಟ್ಸ್ ಬಂದರೆ ಬಾಣಂತಿ ಸನ್ನಿ ಅಂತೀವಿ. ಆದರೆ ಅದು ಮೆದುಳಿನ ರಕ್ತಸ್ರಾವದ ಸೂಚನೆಯೂ ಆಗಿರಬಹುದು. ಇದು ಎಲ್ಲರಿಗೂ ಬರುವಂಥದ್ದಲ್ಲ, ಅಪರೂಪ. ಆದರೆ ಬಂದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು, ಇಲ್ಲವೇ ಕೈಕಾಲು ಸ್ವಾಧೀನ ತಪ್ಪಬಹುದು.

ಯಾಕೆ ಹೀಗಾಗುತ್ತದೆ? ಹಿಪ್ಪುನೇರಳೆ ತೋಟಕ್ಕೆ ನೀರು ಬಿಡುವಾಗ ಒತ್ತಡ ಹೆಚ್ಚಾದರೆ ಪೈಪು ಒಡೆಯುತ್ತದೆ ಅಲ್ಲವೇ? ಬಿ.ಪಿ. ಏರಿದಾಗ ಮೆದುಳಿನ ಸಣ್ಣ ರಕ್ತನಾಳವೂ ಹಾಗೆಯೇ ಒಡೆಯಬಹುದು. ಐದು ತಿಂಗಳು ತುಂಬಿದ ಮೇಲೆ ಕೆಲವು ಬಸುರಿಯರಿಗೆ ಬಿ.ಪಿ. ಏರುತ್ತದೆ. ಹೆರಿಗೆಯಾದ ಮೇಲೂ ಆರು ವಾರದವರೆಗೆ ಏರಬಹುದು. ಬಸುರಿಯಾಗಿದ್ದಾಗ ಸರಿಯಾಗಿದ್ದವರಿಗೂ ಬರಬಹುದು. ಬಿ.ಪಿ. 140/90 ಆದರೆ ವೈದ್ಯರಿಗೆ ತೋರಿಸಲೇಬೇಕು. 160/110 ಮುಟ್ಟಿದರೆ ಒಂದು ಗಂಟೆಯನ್ನೂ ಕಳೆಯಬಾರದು. ಕೆಲವರಿಗೆ ಮೊದಲೇ ದುರ್ಬಲವಾಗಿದ್ದ ರಕ್ತನಾಳ ಬಿ.ಪಿ. ಇಲ್ಲದೆಯೂ ಒಡೆಯುವುದುಂಟು.

ಇನ್ನೊಂದು ಕಾರಣವೂ ಇದೆ. ಬಾಣಂತಿಯ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಕಾಲುವೆಗೆ ಕಸ ಕಟ್ಟಿದರೆ ಹಿಂದೆ ನೀರು ಉಕ್ಕುವ ಹಾಗೆ, ಮೆದುಳಿನಿಂದ ರಕ್ತ ಹೊರಗೆ ಹೋಗುವ ನಾಳದಲ್ಲಿ ಹೆಪ್ಪು ನಿಂತರೆ ಊತ ಬಂದು ರಕ್ತ ಸೋರಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ಕಾಯಿಲೆಯನ್ನು ದಶಕಗಳಿಂದ ನೋಡಿ ಅಧ್ಯಯನ ಮಾಡಿದ್ದಾರೆ. ನಮ್ಮಲ್ಲಿ ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ದಪ್ಪ ಆಗುತ್ತೆ ಅಂತ ಹೇಳ್ತಾರೆ. ಹಿರಿಯರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೀವಿ, ಈ ಪದ್ಧತಿ ಬಿಡಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಕಾಯಿಸಿ ಆರಿಸಿದ ನೀರು ಬೇಕಾದಷ್ಟು ಕೊಡಿ. ಹಾಲೂ ಚೆನ್ನಾಗಿ ಬರುತ್ತದೆ.

ಬಸುರಿಯಾಗಲಿ ಬಾಣಂತಿಯಾಗಲಿ, ಈ ಲಕ್ಷಣಗಳಲ್ಲಿ ಒಂದು ಕಂಡರೂ ಕಾಯಬೇಡಿ:

- ಇದ್ದಕ್ಕಿದ್ದಂತೆ ಬಂದ, ಇಲ್ಲವೇ ಬಿಡದೆ ಕಾಡುವ ತಲೆನೋವು
- ಕಣ್ಣು ಮಂಜಾಗುವುದು, ವಾಂತಿ, ಮೇಲುಹೊಟ್ಟೆ ನೋವು
- ಮುಖ, ಕೈ ಏಕಾಏಕಿ ಊದುವುದು
- ಬಾಯಿ ಸೊಟ್ಟ, ಮಾತು ತೊದಲು, ಒಂದು ಕಡೆಯ ಕೈಕಾಲು ಬಲ ಕಳೆದುಕೊಳ್ಳುವುದು
- ಫಿಟ್ಸ್, ಪ್ರಜ್ಞೆ ತಪ್ಪುವುದು

ತಕ್ಷಣ 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುತ್ತಾ ಹೊತ್ತು ಕಳೆಯಬೇಡಿ. ತಾಯಿ ಕಾರ್ಡ್ ಜೊತೆಗಿರಲಿ. "ಹೆರಿಗೆಯಾಗಿ ಇಷ್ಟು ದಿನ ಆಯ್ತು" ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿ. ಬಿ.ಪಿ. ಇಳಿಸಲು ಔಷಧಿ ಇದೆ, ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಇದೆ. ಬೇಗ ಹೋದರೆ ಉಳಿಸಬಹುದು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರ್ತಾಳೆ. ಬಂದ ಕೂಡಲೇ ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28, 42ನೇ ದಿನ ಆಶಾ ಬರಬೇಕು. ಮಗುವಿನ ತೂಕ ನೋಡುವಾಗ, "ತಾಯಿಯ ಬಿ.ಪಿ. ಎಲ್ಲಿ ನೋಡಿಸೋಣ?" ಅಂತ ನೀವೇ ಕೇಳಿ.

ಕೊನೆಯದಾಗಿ ಒಂದು ಮಾತು. ಗಂಡ ಊರಲ್ಲಿಲ್ಲ, ಅತ್ತೆ ಒಪ್ಪಲಿಲ್ಲ, ಕೈಯಲ್ಲಿ ಕಾಸಿಲ್ಲ ಅಂತಲೇ ಎಷ್ಟೋ ಹೊತ್ತು ಹೋಗುತ್ತದೆ. ಬಸುರಿ, ಬಾಣಂತಿಯ ತುರ್ತಿಗೆ ಸಭೆ ಸೇರುವವರೆಗೂ ಕಾಯದೆ ಸಂಘದಿಂದ ಹಣ ಕೊಡುತ್ತೇವೆ ಎಂದು ಈ ವಾರವೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ. ಜೊತೆಗೆ ಹೋಗುವ ಇಬ್ಬರ ಹೆಸರನ್ನೂ ಬರೆಯಿರಿ. ಸಾಲ ನಾಳೆ ತೀರಿಸಬಹುದು. ಹೋದ ತಾಯಿಯನ್ನು ಯಾವ ಸಂಘವೂ ತಂದುಕೊಡಲಾರದು.