ಹೊಲ ಮಾರಿದವರೂ ಹೊಲ ಬಿಟ್ಟವರೂ



ಬಸದಿಗಳ ಹಳೆಯ ದಾನಶಾಸನಗಳಲ್ಲಿ ಇಷ್ಟು ಮತ್ತರು ಭೂಮಿ, ಮೂಡಲಿಗೆ ಇಂಥ ಕೆರೆ, ತೆಂಕಲಿಗೆ ಇಂಥ ಹೆದ್ದಾರಿ ಎಂದು ಎಲ್ಲೆಗಳನ್ನು ಹೇಳುವ ಪದ್ಧತಿಯುಂಟು. ಈ ಕಾಲದ ಖರೀದಿಪತ್ರಗಳ ಚೆಕ್ಕುಬಂದಿಯೂ ಅದೇ ಜಾಡಿನದು. ಕೊಟ್ಟವನ ಹೆಸರುಂಟು, ಪಡೆದವನ ಹೆಸರುಂಟು, ನಾಲ್ಕು ದಿಕ್ಕುಗಳುಂಟು. ಆ ನಾಲ್ಕು ದಿಕ್ಕುಗಳ ನಡುವೆ ಕುಂಟೆ ಹೊಡೆದವನ ಹೆಸರು ಸಿಕ್ಕುವುದು ಅಪರೂಪ. ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯಲ್ಲಿ ದೊಡ್ಡ ಮನೆತನಗಳ ಭೂಮಿ ಮಾರಾಟವಾದ ಚರಿತ್ರೆಯನ್ನು ಆ ಮೂರನೆಯವನನ್ನು ಬಿಟ್ಟು ಹೇಳಿದರೆ ಅದು ಅರ್ಧ ಚರಿತ್ರೆಯೇ ಸರಿ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ ಪ್ರದೇಶವನ್ನು 1853ರಲ್ಲಿ ನಿಜಾಮ ಸರಕಾರವು ಸೈನ್ಯದ ವೆಚ್ಚದ ಬಾಕಿಗಾಗಿ ಇಂಗ್ಲಿಷರ ವಶಕ್ಕೊಪ್ಪಿಸಿ, 1860ರಲ್ಲಿ ಮರಳಿ ಪಡೆಯಿತು. ಬಾಕಿಗೆ ಭೂಮಿ ಬಿಟ್ಟುಕೊಡುವ ಮೇಲ್ಪಂಕ್ತಿಯನ್ನು ಇಲ್ಲಿ ಸರಕಾರವೇ ಹಾಕಿಕೊಟ್ಟಿತೆಂದರೆ ತಪ್ಪಾಗಲಾರದು. ಅಲ್ಲಿಯವರೆಗೆ ಕಂದಾಯ ವಸೂಲಿಯು ಇಜಾರೆ ಹಿಡಿದವರ ಮತ್ತು ದೇಸಾಯಿ, ದೇಶಪಾಂಡೆ ಮೊದಲಾದ ವತನದಾರರ ಕೈಯಲ್ಲಿತ್ತು. ದಿವಾನ ಸಾಲಾರ್ ಜಂಗರು 1865ರಲ್ಲಿ ಜಿಲ್ಲೆಗಳ ಏರ್ಪಾಡು ಮಾಡಿ ವಸೂಲಿಯನ್ನು ಸರಕಾರಿ ನೌಕರರಿಗೆ ವಹಿಸಿದರು. ವತನದಾರರಿಗೆ ರುಸುಮು ಎಂಬ ನಗದು ಹಣ ಗೊತ್ತಾಯಿತು. ಮುಂದೆ ಭೂಮಿಯ ಅಳತೆ ನಡೆದು ಪಟ್ಟಾ ಬರೆಯುವ ಕಾಲಕ್ಕೆ ಲೇಖಣಿ ಬಲ್ಲ ಮನೆಗಳ ಹೆಸರಿಗೆ ವಿಸ್ತಾರವಾದ ಹೊಲಗಳು ಸೇರಿದವು. ತಲೆಮಾರುಗಳಿಂದ ಉಳುತ್ತ ಬಂದ ಎಷ್ಟೋ ಒಕ್ಕಲು ಆ ಕಾಗದದಲ್ಲಿ ಶಿಕ್ಮಿದಾರನೋ ಕೌಲುದಾರನೋ ಆದನು. ಕಾಗದವು ಉರ್ದುವಿನಲ್ಲಿ, ಫಸಲಿ ವರ್ಷದ ಲೆಕ್ಕದಲ್ಲಿ. ತನ್ನ ಹೆಸರು ಯಾವ ಕಲಮಿನಲ್ಲಿದೆಯೆಂದು ಅವನು ಓದಿ ತಿಳಿಯುವಂತಿರಲಿಲ್ಲ.

ಹೈದರಾಬಾದು ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾದ ಮೇಲೆ 1949ರಲ್ಲಿ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯಿದೆಯು ನಿಗದಿಯಾದ ಅವಧಿಯಲ್ಲಿ ಆರು ವರ್ಷ ಸಾಗುವಳಿ ಮಾಡಿದವನನ್ನು ರಕ್ಷಿತ ಗೇಣಿದಾರನೆಂದು ಕರೆದು, ಒಡೆಯನ ಹಕ್ಕನ್ನು ಬೆಲೆ ಕೊಟ್ಟು ಕೊಳ್ಳುವ ಅವಕಾಶವನ್ನೂ ಅವನಿಗೆ ನೀಡಿತು. ಕಾಗದದಲ್ಲಿ ಅವನಿಗೆ ಸಿಕ್ಕ ಮೊದಲನೆಯ ಗೌರವ ಅದು. ಆದರೆ ರಕ್ಷಿತ ಗೇಣಿದಾರನುಳ್ಳ ಹೊಲವನ್ನು ಯಾರು ಕೊಂಡಾರು? ಹೊಲ ಮಾರಬೇಕಾದರೆ ಮೊದಲು ಅವನು ಬಿಡಬೇಕು. ಹೀಗೆ ರಾಜೀನಾಮೆ ಎಂಬ ಮಾತು ಹೊಲಗಳಿಗೂ ಬಂದಿತು. ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು 1958ರಲ್ಲಿ ಪ್ರಕಟಿಸಿದ ಸಂಸ್ಥಾನದ ಸಮೀಕ್ಷೆಯ ಪ್ರಕಾರ, ಕಾಯಿದೆ ಬಂದ ಕೆಲವೇ ವರ್ಷಗಳಲ್ಲಿ ರಕ್ಷಿತ ಗೇಣಿದಾರರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಗೇಣಿದಾರರಾಗಿ ಉಳಿದಿದ್ದರು. ಕೊಂಡು ಒಡೆಯರಾದವರು ನೂರಕ್ಕೆ ಹನ್ನೆರಡರಷ್ಟು. ಮಿಕ್ಕವರಲ್ಲಿ ಬಹುಮಂದಿಯನ್ನು ಕಾಯಿದೆಗೆ ವಿರುದ್ಧವಾಗಿ ಬಿಡಿಸಲಾಗಿತ್ತು, ಇಲ್ಲವೆ ಅವರು ‘ಸ್ವಸಂತೋಷದಿಂದ’ ಬಿಟ್ಟುಕೊಟ್ಟಿದ್ದರು. ವರ್ಷದ ಜೋಳಕ್ಕೂ ಮಗಳ ಮದುವೆಯ ಸಾಲಕ್ಕೂ ಒಡೆಯನ ಮನೆಯ ಬಾಗಿಲನ್ನೇ ಕಾಯಬೇಕಾದವನ ಸಂತೋಷ ಎಷ್ಟರದೆಂಬುದನ್ನು ಸಭಿಕರೇ ಊಹಿಸಬಹುದು.

ಮಾರಿದ ಮನೆತನಗಳೆಲ್ಲ ದುರಾಸೆಯಿಂದ ಮಾರಿದವೆನ್ನುವುದೂ ನ್ಯಾಯವಲ್ಲ. ಅಣ್ಣತಮ್ಮಂದಿರ ಪಾಲು, ರಾಯಚೂರು ಹೈದರಾಬಾದುಗಳಲ್ಲಿ ಮಕ್ಕಳ ಓದು, ಆಡತಿ ಅಂಗಡಿಯ ಸಾಲ, ಮಳೆ ತಪ್ಪಿದರೆ ಬಿತ್ತಿದ ಬೀಜವೂ ಬಾರದ ಎರೆಭೂಮಿ, ಇವೆಲ್ಲ ಇದ್ದವು. ರುಸುಮು ನಿಂತು, ನೌಕರಿ ಹಿಡಿದು ಪಟ್ಟಣ ಸೇರಿದ ಮನೆಗೆ ನೂರಾರು ಎಕರೆಯ ಒಣಬೇಸಾಯ ಹೆಸರಿಗೆ ಮಾತ್ರ ಆಸ್ತಿಯಾಗಿತ್ತು. ಭೂಮಿತಿಯ ಕಾನೂನು ಬರುವುದೆಂಬ ಸುದ್ದಿಯೂ ಬೆನ್ನಟ್ಟಿತ್ತು.

ಇಂಥ ಹೊತ್ತಿನಲ್ಲಿ ನೀರು ಬಂದಿತು. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿ, ರಾಯಚೂರು ತಾಲ್ಲೂಕುಗಳತ್ತ ಸಾಗಿತು. ಜೋಳ ಹತ್ತಿ ಬಲ್ಲ ಈ ಸೀಮೆಯ ಒಕ್ಕಲಿಗೆ ಎರೆಯನ್ನು ಸಮತಟ್ಟು ಮಾಡಿ ಭತ್ತ ನಾಟುವ ಪರಿಚಯವೂ ಇರಲಿಲ್ಲ, ಅದಕ್ಕೆ ಬೇಕಾದ ಬಂಡವಾಳವೂ ಇರಲಿಲ್ಲ. ಎರಡೂ ಇದ್ದವರು ಕರಾವಳಿ ಆಂಧ್ರದ ರೈತರು. ಗೋದಾವರಿ ಕೃಷ್ಣಾ ಮುಖಜಭೂಮಿಯಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ದೊರೆಯುತ್ತಿತ್ತು. ಮಾರುವವನಿಗೂ ಅವಸರ, ಕೊಳ್ಳುವವನಿಗೂ ಅವಸರ. ಒಡೆಯರು ಮಾತ್ರವಲ್ಲ, ಸಣ್ಣ ಹಿಡುವಳಿದಾರರೂ ಮಾರಿದರು. ಹೊಲಗಳ ನಡುವೆ ಕ್ಯಾಂಪುಗಳೆಂಬ ಹೊಸ ಊರುಗಳು ಎದ್ದವು. ಬಂದವರು ಮೈಮುರಿದು ದುಡಿದರು. ರಾಯಚೂರಿನ ಅಕ್ಕಿಗಿರಣಿಗಳಿಗೆ ಭತ್ತ ಒದಗಿತು. ಇದನ್ನು ಒಪ್ಪಲೇಬೇಕು. ಆದರೆ ಅದೇ ಹೊಲವನ್ನು ಕೋರಿಗೆ ಮಾಡುತ್ತಿದ್ದ ಎಷ್ಟೋ ಮನೆಗಳವರು ಅದೇ ಹೊಲಕ್ಕೆ ನಾಟಿಯ ಕೂಲಿಗಾಗಿ ಬಂದರೆಂಬುದೂ ಅಷ್ಟೇ ನಿಜ. ಮೇಲ್ಭಾಗದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಭತ್ತ ಬೆಳೆದುದರಿಂದ ಕಾಲುವೆಯ ಕೊನೆಯಂಚಿನ ಮಾನ್ವಿ, ರಾಯಚೂರು ಹೊಲಗಳಿಗೆ ನೀರು ಮುಟ್ಟದ ದೂರು ಇನ್ನೊಂದು ಕಥೆ.

ಮುಂದೆ ದೇವರಾಜ ಅರಸರ ಸರಕಾರದ ಭೂಸುಧಾರಣೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಉಳುವವನೇ ನ್ಯಾಯಮಂಡಳಿಯ ಮುಂದೆ ಅರ್ಜಿ ಕೊಡುವ ಕಾಲ ಬಂದಿತು. ಕರಾವಳಿ ಜಿಲ್ಲೆಗಳಲ್ಲಿ ಬಂದಷ್ಟು ಅರ್ಜಿಗಳು ಇಲ್ಲಿ ಬರಲಿಲ್ಲ. ಬಾಯಿಮಾತಿನ ಗೇಣಿಗೆ ಸಾಕ್ಷಿ ಬೇಕು. ಸಾಕ್ಷಿ ಎಂದರೆ ಪಹಣಿ. ಪಹಣಿಯಿಂದ ಇಪ್ಪತ್ತು ವರ್ಷ ಮೊದಲೇ ಹೊರಬಿದ್ದವನು ಏನನ್ನು ತೋರಿಸಬೇಕು? ಅರ್ಜಿಯ ಕೊನೆಯ ಗಡುವು 1979ರ ಜೂನ್ 30ಕ್ಕೆ ಮುಗಿಯಿತು.

ದೇವದುರ್ಗದ್ದು ಬೇರೆ ದಾರಿ. ತುಂಗಭದ್ರೆಯ ಕಾಲುವೆ ಅತ್ತ ಹೋಗಲಿಲ್ಲ. ನೀರಿಲ್ಲದ ನೆಲಕ್ಕೆ ಹೊರಗಿನ ಗಿರಾಕಿಯೂ ಕಡಿಮೆ. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯು ಅಲ್ಲಿಗೆ ಮುಟ್ಟುವ ವೇಳೆಗೆ ನ್ಯಾಯಮಂಡಳಿಯ ಗಡುವು ದಾಟಿ ಬಹುಕಾಲವಾಗಿತ್ತು, ಕಾನೂನಿನಲ್ಲಿ ಗೇಣಿಯೆಂಬುದೇ ನಿಷಿದ್ಧವಾಗಿತ್ತು. ನಿಷೇಧದಿಂದ ಗೇಣಿ ನಿಲ್ಲಲಿಲ್ಲ. ಬರವಣಿಗೆ ಮಾತ್ರ ನಿಂತಿತು. ಲೀಸಿಗೆ ಮಾಡುವವನು ಹಣ ಎಣಿಸಿ ಕೊಡುತ್ತಾನೆ, ಹೊಲ ಮಾಡುತ್ತಾನೆ. ಬೆಳೆಹಾನಿಯ ಪರಿಹಾರ ಬಂದಾಗ ಅದು ಪಹಣಿಯ ಹೆಸರಿಗೆ ಹೋಗುತ್ತದೆ. ಬೇಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂದು 2020ರಲ್ಲಿ ತಿದ್ದುಪಡಿಯಾದ ಮೇಲೆ ಕೊಳ್ಳುವವರ ಸಾಲು ಇನ್ನಷ್ಟು ಉದ್ದವಾಗಬಹುದು. ಹೊಸ ಪತ್ರದಲ್ಲಿಯೂ ಇಬ್ಬರ ಹೆಸರು, ನಾಲ್ಕು ದಿಕ್ಕು.