ಬಿಸಿ ಎಂಜಿನ್ನಿಗೆ ತಣ್ಣನೆಯ ಪ್ಲಗ್



ಟರ್ಬೊ ಇರುವ ಪೆಟ್ರೋಲ್ ಕಾರುಗಳು ಈಗ ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ಅಂಥ ಕಾರಿನ ಬೂಸ್ಟ್, ಅಂದರೆ ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ, ಏರಿಸಿ ಇನ್ನಷ್ಟು ಶಕ್ತಿ ಪಡೆಯಲು ಹೊರಟವರಿಗೆ ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆಗಳಲ್ಲೊಂದು, ‘ಒಂದು ಸ್ಟೆಪ್ ಕೋಲ್ಡ್ ಪ್ಲಗ್ ಹಾಕಿಸಿ’ ಎಂಬುದು. ಈ ಮಾತಿನ ಹಿಂದೆ ನೂರು ವರ್ಷಗಳ ಅನುಭವವಿದೆ. ಆ ಅನುಭವ ಹೇಗೆ ಕೂಡಿಬಂತು, ಇವತ್ತು ನಾವು ಅದನ್ನು ಹೇಗೆ ಬಳಸಬೇಕು ಎಂಬುದೇ ಈ ಹೊತ್ತಿನ ವಿಷಯ.

ಕೋಲ್ಡ್ ಪ್ಲಗ್ ಎಂದರೆ ತಣ್ಣನೆಯ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ವ್ಯತ್ಯಾಸವಿರುವುದು ಪ್ಲಗ್ಗಿನ ತುದಿಯಲ್ಲಿ ಸೇರಿದ ಬಿಸಿ ಎಷ್ಟು ಬೇಗ ಸಿಲಿಂಡರ್ ಹೆಡ್ಡಿಗೆ ಇಳಿದುಹೋಗುತ್ತದೆ ಎಂಬುದರಲ್ಲಿ. ಪ್ಲಗ್ಗಿನ ನಡುವೆ ಕಾಣುವ ಬಿಳಿಯ ಸೆರಾಮಿಕ್ ಮೂತಿ ಉದ್ದವಾಗಿದ್ದರೆ ಬಿಸಿ ದೂರ ಸಾಗಬೇಕು, ತುದಿ ಕಾದೇ ಇರುತ್ತದೆ. ಅದು ಹಾಟ್ ಪ್ಲಗ್. ಮೂತಿ ಗಿಡ್ಡವಾಗಿದ್ದರೆ, ಗದ್ದೆಯ ನೀರು ಗಿಡ್ಡ ಬಸಿಗಾಲುವೆಯಲ್ಲಿ ಬೇಗ ಹಳ್ಳ ಸೇರುವಂತೆ, ಬಿಸಿ ಬೇಗ ಹೊರಗೆ ಹರಿಯುತ್ತದೆ. ಅದು ಕೋಲ್ಡ್ ಪ್ಲಗ್.

ತುದಿಯ ಬಿಸಿಗೆ ಎರಡು ಎಲ್ಲೆಗಳಿವೆ. ಅದು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಇಲ್ಲದಿದ್ದರೆ ಮೂತಿಯ ಮೇಲೆ ಕೂತ ಮಸಿ ಉರಿದುಹೋಗದೆ ಕರೆಂಟು ಅದರ ಮೂಲಕವೇ ಸೋರಿ, ಎಂಜಿನ್ ಮಿಸ್ ಹೊಡೆಯುತ್ತದೆ. ಹಾಗೆಯೇ ಅದು 850 ಡಿಗ್ರಿಯ ಆಸುಪಾಸನ್ನು ಮೀರಬಾರದು. ಮೀರಿದರೆ ತುದಿಯೇ ಕೆಂಡವಾಗಿ, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ತಗಲುತ್ತದೆ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗ ಬೆಂಕಿ ಅದನ್ನು ಕೆಳಕ್ಕೆ ಒತ್ತುತ್ತದೆ. ಪೂರ್ಣ ಬೂಸ್ಟಿನಲ್ಲಿ ಹೀಗಾದರೆ ಅಲ್ಯೂಮಿನಿಯಂ ಪಿಸ್ಟನ್ ತೂತಾಗಲು ಕೆಲವು ಸೆಕೆಂಡುಗಳೇ ಸಾಕು.

ಹಳೆಯ ಎಂಜಿನ್ನುಗಳಿಗೆ ಈ ಭಯ ಇರಲಿಲ್ಲ. 1860ರಲ್ಲಿ ಪ್ಯಾರಿಸ್ಸಿನ ಎತಿಯೆನ್ ಲೆನ್ವಾರ್ ತನ್ನ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿ ಬಳಸಿದಾಗ, ಆ ಎಂಜಿನ್ ಮಿಶ್ರಣವನ್ನು ಒತ್ತುತ್ತಲೇ ಇರಲಿಲ್ಲ. 1902ರಲ್ಲಿ ಸ್ಟುಟ್‌ಗಾರ್ಟ್‌ನ ರಾಬರ್ಟ್ ಬಾಷ್ ಕಾರ್ಖಾನೆಯಲ್ಲಿ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ಹೊಂದುವ ಸ್ಪಾರ್ಕ್ ಪ್ಲಗ್ ರೂಪಿಸಿದರು. ವೇಗದ ಎಂಜಿನ್ನಿಗೆ ದಾರಿ ತೆರೆಯಿತು. ವೇಗದ ಹಿಂದೆಯೇ ಬಿಸಿಯೂ ಬಂತು.

ಬಿಸಿಗೆ ಮೊದಲು ಸೋತದ್ದು ಆ ಕಾಲದ ಪ್ಲಗ್ಗಿನ ಪಿಂಗಾಣಿ ಮೂತಿ. ಓಟದ ಕಾರುಗಳಲ್ಲಿ ಅದು ಬಿರುಕು ಬಿಡುತ್ತಿತ್ತು. ಬ್ರಿಟನ್ನಿನ ಓಟಗಾರ ಕೆನೆಲ್ಮ್ ಲೀ ಗಿನ್ನೆಸ್ ಪಿಂಗಾಣಿಯ ಬದಲು ಅಭ್ರಕ ಬಳಸಿ ಪ್ಲಗ್ ತಯಾರಿಸಿದರು. ಕೆಎಲ್‌ಜಿ ಹೆಸರಿನ ಆ ಪ್ಲಗ್ಗುಗಳು ಮೊದಲ ಮಹಾಯುದ್ಧದ ವಿಮಾನಗಳನ್ನೂ ಹಾರಿಸಿದವು. ಅದೇ ಯುದ್ಧದ ಕೊನೆಯ ವರ್ಷ, 1918ರಲ್ಲಿ, ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಲಿಬರ್ಟಿ ಎಂಜಿನ್ನಿಗೆ ಟರ್ಬೊ ಜೋಡಿಸಿ, ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಶಿಖರದ ಮೇಲೆ ಓಡಿಸಿದರು. ಗಾಳಿ ತೆಳುವಾದ ಆ ಎತ್ತರದಲ್ಲೂ ಎಂಜಿನ್ ಸಮುದ್ರಮಟ್ಟದ ಶಕ್ತಿ ಕೊಟ್ಟಿತು. ಗಾಳಿಯನ್ನು ಒತ್ತಿ ತುಂಬಿದರೆ ಶಕ್ತಿ ಉಳಿಯುತ್ತದೆ, ಬೆಳೆಯುತ್ತದೆ ಎಂಬುದು ಖಚಿತವಾಯಿತು.

ಕಾರುಗಳು ಆ ಪಾಠವನ್ನು ಬೇಗ ಕಲಿತವು. 1923ರಲ್ಲಿ ಮೊಂಜಾದಲ್ಲಿ ನಡೆದ ಇಟಲಿಯ ಗ್ರ್ಯಾನ್ ಪ್ರಿಯನ್ನು ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹೊತ್ತ ಫಿಯೆಟ್ ಗೆದ್ದಿತು. ಮುಂದಿನ ಎರಡು ದಶಕಗಳ ಓಟದ ಕಾರುಗಳಲ್ಲಿ ಪ್ಲಗ್ಗಿನ ಸಮಸ್ಯೆ ತನ್ನ ಎರಡೂ ಮುಖ ತೋರಿತು. ಓಟದ ವೇಗಕ್ಕೆ ತಾಳುವ ಕೋಲ್ಡ್ ಪ್ಲಗ್ ಹಾಕಿದರೆ ತಣ್ಣಗಿರುವ ಎಂಜಿನ್ನಿನಲ್ಲಿ ಅದು ಮಸಿ ಹಿಡಿಯುತ್ತಿತ್ತು. ಹಾಟ್ ಪ್ಲಗ್ ಹಾಕಿದರೆ ಓಟದಲ್ಲಿ ಕರಗುತ್ತಿತ್ತು. ಹಾಗಾಗಿ ಮೆಕ್ಯಾನಿಕ್ಕುಗಳು ಹಾಟ್ ಪ್ಲಗ್ಗಿನಲ್ಲಿ ಎಂಜಿನ್ ಶುರುಮಾಡಿ, ಎಣ್ಣೆ ಕಾಯುವವರೆಗೆ ಓಡಿಸಿ, ಆಮೇಲೆ ಎಲ್ಲವನ್ನೂ ಬಿಚ್ಚಿ ಕೋಲ್ಡ್ ಪ್ಲಗ್ ಹಾಕಿ ಕಾರನ್ನು ಓಟಕ್ಕೆ ಬಿಡುತ್ತಿದ್ದರು. ಎರಡೂ ಕೆಲಸವನ್ನು ಒಂದೇ ಪ್ಲಗ್ ಮಾಡಲಾರದು ಎಂಬ ಅರಿವಿನಿಂದ ಹುಟ್ಟಿದ ಶಿಸ್ತು ಅದು.

ಈ ಎರಡು ಎಲ್ಲೆಗಳ ನಡುವಿನ ಹರವನ್ನು ಹಿಗ್ಗಿಸಿದ್ದು ವಸ್ತುವಿಜ್ಞಾನ. 1930ರ ದಶಕದಲ್ಲಿ ಜರ್ಮನಿಯ ಸೀಮೆನ್ಸ್ ಅಲ್ಯೂಮಿನಾ ಪುಡಿಯನ್ನು ಬೇಯಿಸಿ ಗಟ್ಟಿ ಸೆರಾಮಿಕ್ ಮಾಡಿತು. ಅದು ಬಿಸಿಯನ್ನು ಪಿಂಗಾಣಿಗಿಂತ ಚೆನ್ನಾಗಿ ಸಾಗಿಸುತ್ತದೆ, ಸುಲಭಕ್ಕೆ ಸೀಳುವುದಿಲ್ಲ. ಇಂದಿನ ಪ್ಲಗ್ಗುಗಳ ಬಿಳಿ ಭಾಗ ಅದೇ. ಮುಂದೆ ನಡುಕಂಬಿಯೊಳಗೆ ತಾಮ್ರ ಸೇರಿತು. ಪ್ಲಗ್ಗಿನ ಹೀಟ್ ರೇಂಜ್, ಅಂದರೆ ಅದು ಎಷ್ಟು ಬಿಸಿ ತಾಳುತ್ತದೆ ಎಂಬುದನ್ನು, ಅಳೆಯುವ ಅಮೆರಿಕದ ಎಸ್‌ಎಇ ಪದ್ಧತಿಯಲ್ಲಿ ಒಂದು ಪುಟ್ಟ ಪರೀಕ್ಷಾ ಎಂಜಿನ್ನಿಗೆ ಗಾಳಿಯ ಒತ್ತಡವನ್ನು ಏರಿಸುತ್ತಾ ಹೋಗಿ, ಯಾವ ಹಂತದಲ್ಲಿ ಪ್ಲಗ್ ಅಕಾಲದಲ್ಲಿ ಬೆಂಕಿ ಹಚ್ಚುತ್ತದೆ ಎಂದು ನೋಡುತ್ತಾರೆ. ಅಂದರೆ ಪ್ಲಗ್ಗಿನ ತಾಳಿಕೆಯ ಅಳತೆಗೋಲೇ ಬೂಸ್ಟ್.

ಕರ್ನಾಟಕಕ್ಕೆ ಈ ಕಥೆಯಲ್ಲಿ ಸ್ವಂತ ಅಧ್ಯಾಯವಿದೆ. 1951ರಲ್ಲಿ ಬಾಷ್ ಸಹಯೋಗದಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ನಮ್ಮೆಲ್ಲರ ಬಾಯಲ್ಲಿ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿತು. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳನ್ನು ಓಡಿಸಿದವರು ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ಹಾಕುವುದನ್ನು ಕಲಿತೇ ಇರುತ್ತಿದ್ದರು. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಟೂ ಸ್ಟ್ರೋಕ್ ಎಂಜಿನ್ನಿನ ಶತ್ರು ಮಸಿ. ಟರ್ಬೊ ಎಂಜಿನ್ನಿನ ಶತ್ರು ಕೆಂಡ.

ಆ ಕೆಂಡದ ಪಾಠ ಜಗತ್ತಿಗೆ ಮತ್ತೆ ಕಂಡದ್ದು 1977ರ ನಂತರ. ಆ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ ರೆನೊ 1.5 ಲೀಟರಿನ ಟರ್ಬೊ ಕಾರನ್ನು ಫಾರ್ಮುಲಾ ಒನ್‌ಗೆ ಇಳಿಸಿತು. ಮೊದಮೊದಲು ಅದು ಮತ್ತೆ ಮತ್ತೆ ಕೆಟ್ಟು ನಿಂತರೂ 1979ರಲ್ಲಿ ದಿಜೋನ್‌ನಲ್ಲಿ ರೆನೊ ಟರ್ಬೊ ಗೆದ್ದಿತು. ರಸ್ತೆಗೆ ಸ್ವೀಡನ್ನಿನ ಸಾಬ್ 99 ಟರ್ಬೊ ಬಂತು. ಸಾಬ್ ಮುಂದೆ ಪ್ಲಗ್ಗನ್ನೇ ಸಂವೇದಕ ಮಾಡಿತು: ಬೆಂಕಿ ಹೊತ್ತಿದ ಮೇಲೆ ಪ್ಲಗ್ಗಿನ ತುದಿಗಳ ನಡುವೆ ಹರಿಯುವ ಅಲ್ಪ ವಿದ್ಯುತ್ತನ್ನು ಓದಿ, ಒಳಗೆ ನಾಕಿಂಗ್, ಅಂದರೆ ಮಿಶ್ರಣ ಅಂಕೆತಪ್ಪಿ ಸಿಡಿಯುವುದು, ಆಗುತ್ತಿದೆಯೇ ಎಂದು ಎಂಜಿನ್ನಿನ ಕಂಪ್ಯೂಟರ್ ತಿಳಿಯುತ್ತಿತ್ತು.

ಈಗ ನಮ್ಮ ಆಯ್ಕೆಗೆ ಬರೋಣ. ಕಾರ್ಖಾನೆಯ ಟ್ಯೂನಿಂಗ್‌ನಲ್ಲೇ ಓಡುವ ಕಾರಿಗೆ ಕಾರ್ಖಾನೆ ಹೇಳಿದ ಪ್ಲಗ್ಗೇ ಸರಿ. ಬೂಸ್ಟ್ ಏರಿಸಿದ್ದರೆ ಮಾತು ಬೇರೆ. ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯ ಸೂತ್ರದಂತೆ, ಹೆಚ್ಚಿಸಿದ ಪ್ರತಿ 75ರಿಂದ 100 ಅಶ್ವಶಕ್ತಿಗೆ ಒಂದು ಸ್ಟೆಪ್ ಕೋಲ್ಡ್. ಒಂದು ಸ್ಟೆಪ್ ತುದಿಯ ಬಿಸಿಯನ್ನು 70ರಿಂದ 100 ಡಿಗ್ರಿ ತಗ್ಗಿಸುತ್ತದೆ. ಎರಡು ಸ್ಟೆಪ್ ಹಾಕಿ ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ತೆವಳಿದರೆ ಮಸಿ ಹಿಡಿಯುವುದು ಖಂಡಿತ.

ಪ್ಲಗ್ಗಿನ ಹೀಟ್ ರೇಂಜ್ ಸಂಖ್ಯೆ ನೋಡಿ ಮೋಸಹೋಗಬೇಡಿ. ಎನ್‌ಜಿಕೆ, ಡೆನ್ಸೊ ಪ್ಲಗ್ಗುಗಳಲ್ಲಿ ಸಂಖ್ಯೆ ಏರಿದಷ್ಟೂ ಕೋಲ್ಡ್. ಈಗಿನ ಬಾಷ್ ಮತ್ತು ಚಾಂಪಿಯನ್‌ನಲ್ಲಿ ಏರಿದಷ್ಟೂ ಹಾಟ್. ಇರಿಡಿಯಂ ಎಂದರೆ ಕೋಲ್ಡ್ ಎಂದೂ ಅಲ್ಲ. ಇರಿಡಿಯಂ ಸವೆಯುವುದು ನಿಧಾನ, ಅದರ ತೆಳು ತುದಿಯಿಂದ ಕಿಡಿ ಸುಲಭವಾಗಿ ಹಾರುತ್ತದೆ, ಅಷ್ಟೆ. ಕಿಡಿ ಹಾರುವ ತುದಿಗಳ ನಡುವಿನ ಗ್ಯಾಪನ್ನೂ ಮರೆಯಬಾರದು. ಒತ್ತಿ ತುಂಬಿದ ಗಾಳಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿ ಬೂಸ್ಟ್ ಏರಿಸಿದವರು ಗ್ಯಾಪನ್ನು 0.7 ಮಿಲಿಮೀಟರ್ ಹತ್ತಿರಕ್ಕೆ ತಗ್ಗಿಸುತ್ತಾರೆ.

ಕೋಲ್ಡ್ ಪ್ಲಗ್ ಶಕ್ತಿ ಕೊಡುವುದಿಲ್ಲ, ಬೇರೆಡೆ ಪಡೆದ ಶಕ್ತಿಗೆ ಕಾವಲು ನಿಲ್ಲುತ್ತದೆ. ಕೆಟ್ಟ ಪೆಟ್ರೋಲು, ಮಿತಿಮೀರಿದ ಟೈಮಿಂಗ್, ತಪ್ಪು ಎಂಜಿನ್ ಆಯಿಲ್ ಇವುಗಳ ದೋಷವನ್ನು ಅದು ಮುಚ್ಚಲಾರದು. ಆದ್ದರಿಂದ ಟ್ಯೂನಿಂಗ್ ಮಾಡಿಸುವವರಲ್ಲಿ ನನ್ನ ವಿನಂತಿ ಇಷ್ಟು: ಹೊಸ ಪ್ಲಗ್ ಹಾಕಿ ಸ್ವಲ್ಪ ದೂರ ಓಡಿಸಿದ ಮೇಲೆ ಒಮ್ಮೆ ಬಿಚ್ಚಿಸಿ ನೋಡಿ. ತಿಳಿಕಂದು ಬಣ್ಣವಿದ್ದರೆ ಆಯ್ಕೆ ಸರಿಯಿದೆ. ಒಣ ಮಸಿ ಕಟ್ಟಿದ್ದರೆ ಒಂದು ಸ್ಟೆಪ್ ಹಿಂದಕ್ಕೆ ಬನ್ನಿ. ಬೆಳ್ಳಗೆ ಸುಟ್ಟು, ಅಲ್ಯೂಮಿನಿಯಂ ಚುಕ್ಕೆಗಳು ಕಂಡರೆ ಕರಗುತ್ತಿರುವುದು ನಿಮ್ಮ ಪಿಸ್ಟನ್. ಕೂಡಲೇ ಬೂಸ್ಟ್ ಇಳಿಸಿ, ಕಾರಣ ಹುಡುಕಿ, ಆಮೇಲೆ ರಸ್ತೆಗೆ ಇಳಿಯಿರಿ.