ಮೋಟಾರಿನ ಬ್ರೇಕಿಗೆ ಹಿಡಿಯುವ ತುಕ್ಕು



ಬನಹಟ್ಟಿಯು ಮಗ್ಗದ ಊರು. ನೆರೆಯ ರಬಕವಿಯೊಡನೆ ಬೆಸೆದುಕೊಂಡಿರುವ ಈ ಪಟ್ಟಣದಲ್ಲಿ ಕಬ್ಬಿಣದ ಸಂಗಡ ದಿನವೂ ಬಾಳುವವರು ಬಹು ಮಂದಿ. ಮಗ್ಗದ ಯಾವ ಭಾಗಕ್ಕೆ ಎಣ್ಣೆ ಬೇಕು, ಯಾವುದಕ್ಕೆ ತೇವ ತಗುಲಬಾರದು, ಹಣಿಗೆಗೆ ಜಂಗು ಹಿಡಿದರೆ ನೂಲಿಗೆ ಕಲೆಯಾಗುವುದು ಹೇಗೆ ಎಂಬುದನ್ನು ಇಲ್ಲಿಯ ನೇಕಾರನಿಗೆ ಯಾರೂ ಉಪದೇಶಿಸಬೇಕಾದುದಿಲ್ಲ. ಕಬ್ಬಿಣಕ್ಕೆ ಜಂಗು ಬಂದರೆ ಎಣ್ಣೆ ಹಚ್ಚಬೇಕೆಂಬುದು ಇಂಥ ಊರಿನಲ್ಲಿ ಅನುಭವಸಿದ್ಧವಾದ ಮಾತು. ಆ ಮಾತು ಮಗ್ಗಕ್ಕೆ ಸಲ್ಲುವುದು, ಬಾವಿಯ ರಾಟೆಗೆ ಸಲ್ಲುವುದು, ಬಾಗಿಲಿನ ಕೀಲಿಗೂ ಸಲ್ಲುವುದು. ಆದರೆ ಮೋಟಾರಿನ ಬ್ರೇಕಿನಲ್ಲಿ ಅದನ್ನು ಅನುಸರಿಸಿದರೆ ಪ್ರಾಣಕ್ಕೇ ಸಂಚಕಾರ ಬರುವುದು. ಈ ಭೇದವನ್ನು ವಿಶದಪಡಿಸುವುದೇ ಈ ಭಾಷಣದ ಉದ್ದೇಶ.

ಮಹಾನವಮಿಯ ಖಂಡೇಪೂಜೆಯ ಸಮಯವನ್ನು ನೆನೆಯಿರಿ. ಮಗ್ಗವನ್ನು ಪೂಜಿಸುವಂತೆಯೇ ನಮ್ಮ ಜನರು ಕಾರನ್ನೂ ತೊಳೆದು, ಹೂಮಾಲೆ ಹಾಕಿ, ಪೂಜಿಸಿ ನಿಲ್ಲಿಸುವರು. ಮರುದಿನ ಬನ್ನಿ ಕೊಡುವುದಕ್ಕೆ ಹೊರಟಾಗ ಗಾಲಿಯ ಸಂದಿನಿಂದ ನೋಡಿದರೆ, ನಿನ್ನೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಬಿಲ್ಲೆಯು ಕಾವಿ ಬಳಿದಂತೆ ಕೆಂಪಾಗಿರುವುದು. ಮೊದಲ ಸಲ ಬ್ರೇಕು ಒತ್ತಿದಾಗ ಗರಗರನೆ ಸದ್ದೂ ಆಗುವುದು. ಒಂದೇ ರಾತ್ರಿಯಲ್ಲಿ ಕಾರು ಕೆಟ್ಟಿತೇ ಎಂಬ ಶಂಕೆಯು ಇಲ್ಲಿ ಸಹಜ. ಆ ಶಂಕೆಯಿಂದ ಕೆಲವರು ಎಣ್ಣೆಯ ಡಬ್ಬಿಗೆ ಕೈ ಹಾಕುವರು. ಅನರ್ಥಕ್ಕೆ ಅದೇ ಮೊದಲ ಹೆಜ್ಜೆ.

ಡಿಸ್ಕ್ ಬ್ರೇಕಿನ ರಚನೆ ಸರಳವಾದುದು. ಗಾಲಿಯೊಡನೆ ತಿರುಗುವ ಒಂದು ಬಿಲ್ಲೆ. ಅದರ ಎರಡು ಪಕ್ಕಗಳಲ್ಲಿ ಎರಡು ಪ್ಯಾಡುಗಳು. ಅವುಗಳನ್ನು ಹಿಡಿದಿರುವ ಕ್ಯಾಲಿಪರ್ ಎಂಬ ಇಕ್ಕಳ. ಪೆಡಲನ್ನು ಒತ್ತಿದಾಗ ಪ್ಯಾಡುಗಳು ಬಿಲ್ಲೆಯನ್ನು ಬಿಗಿಯಾಗಿ ಹಿಡಿಯುವುವು. ಆ ಉಜ್ಜುವಿಕೆಯಿಂದ ವೇಗವು ಶಾಖವಾಗಿ ಮಾರ್ಪಡುವುದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಯಂತ್ರಜ್ಞನು ೧೯೦೨ರಲ್ಲಿಯೇ ಇಂಥ ಬ್ರೇಕಿಗೆ ಹಕ್ಕುಪತ್ರ ಪಡೆದಿದ್ದನು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಇದರ ಕೀರ್ತಿ ಲೋಕದಲ್ಲೆಲ್ಲ ಹರಡಿತು.

ಆ ಶಾಖದ ಪ್ರಮಾಣವೆಷ್ಟು? ಸಾವಿರ ಕಿಲೋಗ್ರಾಮ್ ತೂಕದ ಕಾರು ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದು ನಿಂತಿತೆನ್ನಿರಿ. ಆಗ ಬಿಡುಗಡೆಯಾಗುವ ಶಾಖವು ಅರ್ಧ ಲೀಟರಿಗೆ ತುಸು ಕಡಿಮೆಯಾದ ತಣ್ಣೀರನ್ನು ಕುದಿಯುವ ಹಂತಕ್ಕೆ ಏರಿಸಲು ಸಾಕಾಗುವಷ್ಟು. ಕೆಲವೇ ಕ್ಷಣಗಳಲ್ಲಿ ಇಷ್ಟು ಶಾಖವನ್ನು ನುಂಗಿ ಗಾಳಿಗೆ ಬಿಟ್ಟುಕೊಡಬಲ್ಲ ಲೋಹ ಬೇಕು. ಅದು ಅಗ್ಗವಾಗಿರಬೇಕು, ಸದ್ದನ್ನೂ ಅದುರುವಿಕೆಯನ್ನೂ ಅಡಗಿಸಬೇಕು. ಈ ಗುಣಗಳೆಲ್ಲವೂ ಎರಕದ ಬೀಡು ಕಬ್ಬಿಣದಲ್ಲಿವೆ. ಆದಕಾರಣವೇ ಸಾಮಾನ್ಯ ಕಾರುಗಳ ಬಿಲ್ಲೆಯನ್ನು ಅದರಿಂದ ಮಾಡುವರು. ಮೋಟಾರ್ ಸೈಕಲ್ಲಿನ ಬಿಲ್ಲೆಯಾದರೋ ಸಾಮಾನ್ಯವಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕಿನದು. ಒಂದೇ ಮಳೆಯಲ್ಲಿ ಪಕ್ಕಪಕ್ಕದಲ್ಲಿ ನಿಂತರೂ ಬೈಕಿನದು ಬೆಳ್ಳಗಿದ್ದು ಕಾರಿನದು ಕೆಂಪಾಗುವುದಕ್ಕೆ ಇದೇ ಕಾರಣ.

ಕಬ್ಬಿಣ, ಗಾಳಿಯ ಆಮ್ಲಜನಕ, ನೀರು ಈ ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುವುದು. ಅಲ್ಯುಮಿನಿಯಮ್ಮಿನ ಮೇಲೆ ಕಟ್ಟುವ ಪೊರೆಯು ಒಳಗಿನ ಲೋಹವನ್ನು ಕಾಯುವುದು. ಕಬ್ಬಿಣದ ತುಕ್ಕಾದರೋ ಸಡಿಲವಾದ, ರಂಧ್ರಮಯವಾದ ಪದಾರ್ಥ. ಅದು ಮತ್ತಷ್ಟು ತೇವವನ್ನು ಒಳಕ್ಕೆ ಬಿಡುವುದು. ದಿಲ್ಲಿಯ ಕಬ್ಬಿಣದ ಸ್ತಂಭವು ಸುಮಾರು ೧,೬೦೦ ವರ್ಷ ಮಳೆಗಾಳಿಗಳನ್ನು ತಡೆದು ನಿಂತಿದೆಯಲ್ಲಾ ಎಂದು ಕೇಳಬಹುದು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ರಕ್ಷಕವಾದ ಪೊರೆಯೊಂದು ಏರ್ಪಟ್ಟಿದೆ. ಇನ್ನು ಬ್ರೇಕಿನ ಬಿಲ್ಲೆಗೆ ಅಂಥ ಪೊರೆ ಇದ್ದರೂ ನಿಲ್ಲದು. ಪ್ಯಾಡುಗಳು ಅದನ್ನು ನಿತ್ಯವೂ ಉಜ್ಜಿ ಬರಿಯ ಲೋಹವನ್ನು ಹೊರಗೆಡಹುತ್ತಲೇ ಇರುವುವು. ಹೊಳೆಯುವ ಬರಿಯ ಲೋಹವಾದುದರಿಂದಲೇ ಅದು ಇಷ್ಟು ಬೇಗ ಕೆಂಪಾಗುವುದು.

ಹಾಗಾದರೆ ಪರಿಹಾರವೇನು? ಪ್ಯಾಡುಗಳೇ ಪರಿಹಾರ. ಒಂದೆರಡು ದಿನದ ತೆಳುವಾದ ತುಕ್ಕು ಕೂದಲೆಳೆಯಷ್ಟೂ ಆಳವಿರದು. ಹಿಂದೆ ಮುಂದೆ ವಾಹನವಿಲ್ಲದ ರಸ್ತೆಯಲ್ಲಿ ನಿಧಾನವಾಗಿ ಸಾಗುತ್ತ ಏಳೆಂಟು ಸಲ ಮೃದುವಾಗಿ ಬ್ರೇಕು ಒತ್ತಿದರೆ ತುಕ್ಕು ಉಜ್ಜಿಹೋಗಿ ಸದ್ದು ಅಡಗುವುದು. ಪ್ಯಾಡು ತಗುಲದ ಅಂಚಿನಲ್ಲಿಯೂ ನಡುವಿನಲ್ಲಿಯೂ ಕೆಂಪು ಉಳಿದರೆ ಚಿಂತಿಸಬೇಕಾದುದಿಲ್ಲ. ಕಾರನ್ನು ತೊಳೆದೊಡನೆ ನಿಲ್ಲಿಸದೆ ಸ್ವಲ್ಪ ದೂರ ಓಡಿಸಿ ನಾಲ್ಕಾರು ಸಲ ಬ್ರೇಕು ಹಿಡಿದರೆ, ಆ ಶಾಖಕ್ಕೆ ನೀರು ಆರಿ, ತುಕ್ಕು ಬಹಳಮಟ್ಟಿಗೆ ತಪ್ಪುವುದು. ಆದರೆ ದೂರದಿಂದ ಓಡಿ ಬಂದು ಕಾದಿರುವ ಬಿಲ್ಲೆಗೆ ತಣ್ಣೀರು ಎರಚಕೂಡದು. ಅದು ಸೊಟ್ಟಗಾಗಬಹುದು, ಸೀಳಲೂಬಹುದು.

ಈಗ ಎಣ್ಣೆಯ ವಿಚಾರ. ಮಗ್ಗದಲ್ಲಿ ಉಜ್ಜುವಿಕೆ ವೈರಿ. ಬ್ರೇಕಿನಲ್ಲಿ ಉಜ್ಜುವಿಕೆಯೇ ರಕ್ಷಕ. ಎಣ್ಣೆಯು ಉಜ್ಜುವಿಕೆಯನ್ನು ಕೊಲ್ಲುವ ಪದಾರ್ಥ. ಬಿಲ್ಲೆಗೆ ಹಚ್ಚಿದ ಎಣ್ಣೆಯನ್ನು ಪ್ಯಾಡುಗಳು ಹೀರಿಕೊಳ್ಳುವುವು. ಆ ಬಳಿಕ ಬಿಲ್ಲೆಯನ್ನು ಎಷ್ಟು ಒರೆಸಿದರೂ ಪ್ಯಾಡುಗಳನ್ನು ಬದಲಾಯಿಸದೆ ಗತಿಯಿಲ್ಲ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬು ಹೇರಿಕೊಂಡು ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಎಣ್ಣೆಯುಂಡ ಬ್ರೇಕಿನ ಕಾರೊಂದು ಬಂದರೆ ಆಗುವುದನ್ನು ವರ್ಣಿಸಬೇಕಾಗಿಲ್ಲ. ಗ್ರೀಸು, ಡೀಸೆಲ್, ಸೀಮೆಎಣ್ಣೆ, ಟಯರಿಗೆ ಹೊಳಪು ಕೊಡುವ ದ್ರವ ಇವೆಲ್ಲಕ್ಕೂ ಇದೇ ನಿಯಮ. ಕಾರಿನ ಅಡಿಗೆ ಡೀಸೆಲ್ ಸಿಂಪಡಿಸಲು ಬರುವವನನ್ನು ಗಾಲಿಗಳಿಂದ ದೂರವಿರಿಸತಕ್ಕದ್ದು. ಹೊಸ ಬಿಲ್ಲೆಗಳಿಗೆ ತುಕ್ಕು ಹಿಡಿಯದಂತೆ ಕಾರ್ಖಾನೆಯವರೇ ಎಣ್ಣೆ ಸವರಿ ಕಳುಹಿಸುವುದುಂಟು, ನಿಜ. ಆದರೆ ಜೋಡಿಸುವ ಮುನ್ನ ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ಣವಾಗಿ ತೊಳೆಯುವುದು ಮೆಕ್ಯಾನಿಕ್ಕಿನ ಕರ್ತವ್ಯ. ಬಿಲ್ಲೆ ಕೂಡುವ ಹಬ್ಬಿನ ಮೇಲಣ ತುಕ್ಕನ್ನೂ ಆಗಲೇ ಕೆರೆದು ತೆಗೆಯಬೇಕು. ಇಲ್ಲವಾದರೆ ಬಿಲ್ಲೆ ಓರೆಯಾಗಿ ಕುಳಿತು ಪೆಡಲು ಅದುರುವುದು.

ಇನ್ನು ತಿಂಗಳುಗಟ್ಟಲೆ ನಿಂತ ಕಾರಿನ ಮಾತು. ಯಜಮಾನರು ಪರವೂರಿನಲ್ಲಿದ್ದು, ಕಾರು ಮನೆಯ ಮುಂದೆ ಮಳೆಯಲ್ಲಿ ನೆನೆಯುತ್ತಿರುವುದುಂಟು. ಅಂಥಲ್ಲಿ ತುಕ್ಕು ಆಳಕ್ಕಿಳಿದು ಬಿಲ್ಲೆಯ ಮೈಯಲ್ಲಿ ಗುಳಿಗಳನ್ನು ತೋಡುವುದು. ಪ್ಯಾಡು ಬಿಲ್ಲೆಗೇ ಅಂಟುವುದೂ ಉಂಟು. ಬಹುಕಾಲ ನಿಲ್ಲಿಸುವುದಾದರೆ ಸಮತಟ್ಟಾದ, ಒಣಗಿದ ನೆಲದಲ್ಲಿ ಹ್ಯಾಂಡ್ ಬ್ರೇಕು ಎಳೆಯದೆ, ಗೇರಿನಲ್ಲಿರಿಸಿ, ಗಾಲಿಗಳಿಗೆ ಕಲ್ಲು ಕೊಡುವುದು ಮೇಲು. ವಾರಕ್ಕೊಮ್ಮೆ ಯಾರಾದರೂ ತುಸು ಓಡಿಸಿದರೆ ಮತ್ತೂ ಉತ್ತಮ. ಅಂಟಿದ ಗಾಲಿಯನ್ನು ಎಂಜಿನ್ನಿನ ಬಲದಿಂದ ಕೀಳಲು ಹೆಣಗಬಾರದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹವು ಈ ಸೀಮೆಯ ತೀರದ ಹಳ್ಳಿಗಳಿಗೆ ನುಗ್ಗಿದುದನ್ನು ಯಾರೂ ಮರೆತಿರಲಾರರು. ಹಾಗೆ ಹೊಳೆಯ ನೀರಿನಲ್ಲಿ ಮುಳುಗಿದ ಕಾರಿನ ಬ್ರೇಕನ್ನು ಬಿಚ್ಚಿ ಪರೀಕ್ಷಿಸದೆ ರಸ್ತೆಗೆ ಇಳಿಸತಕ್ಕದ್ದಲ್ಲ.

ಯಾವ ತುಕ್ಕನ್ನು ಉಪೇಕ್ಷಿಸಬಾರದು? ಕೆಲವು ಕಿಲೋಮೀಟರ್ ಓಡಿದರೂ ಗರಗರ ಸದ್ದು ನಿಲ್ಲದಿದ್ದರೆ, ಪೆಡಲು ಕಾಲಿನಡಿಯಲ್ಲಿ ಮಿಡಿದರೆ, ಬ್ರೇಕು ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ, ಮೆಕ್ಯಾನಿಕ್ಕಿಗೆ ತೋರಿಸಬೇಕು. ಒಂದು ಗಾಲಿಯ ಬಿಲ್ಲೆ ಬೆಳ್ಳಗಾಗಿ, ಅದರ ಜೋಡಿಯದು ಕೆಂಪಾಗಿಯೇ ಉಳಿದರೆ, ಆ ಕೆಂಪು ಬಿಲ್ಲೆಯನ್ನು ಪ್ಯಾಡು ಹಿಡಿಯುತ್ತಲೇ ಇಲ್ಲವೆಂದು ತಿಳಿಯಬೇಕು. ಕ್ಯಾಲಿಪರಿನ ಭಾಗವಾವುದೋ ಸಿಕ್ಕಿಕೊಂಡಿರಬಹುದು. ಕಣ್ಣಿಗೆ ಬೀಳದ ಒಳಮೈಯನ್ನೂ ನೋಡಿಸತಕ್ಕದ್ದು. ಬಿಲ್ಲೆಯು ಎಷ್ಟು ತೆಳುವಾಗುವವರೆಗೆ ಬಳಸಬಹುದೆಂಬ ಮಿತಿಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ. ಅದಕ್ಕಿಂತ ಸವೆದುದನ್ನು ಲೇತಿಗೆ ಕೊಟ್ಟು ಫಲವಿಲ್ಲ. ಬದಲಾಯಿಸುವಾಗ ಎಡಬಲ ಎರಡನ್ನೂ ಜೊತೆಯಾಗಿ ಬದಲಾಯಿಸಬೇಕು.

ವಿದ್ಯುತ್ತಿನ ಕಾರು ಕೊಂಡವರಿಗೆ ಒಂದು ಮಾತು. ಆ ಕಾರು ವೇಗ ತಗ್ಗಿಸುವಾಗ ಮೋಟಾರೇ ಬಹುಪಾಲು ಬ್ರೇಕಿನ ಕೆಲಸ ಮಾಡಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂದಿರುಗಿಸುವುದು. ಹೀಗೆ ಪ್ಯಾಡುಗಳಿಗೆ ಕೆಲಸ ಕಡಿಮೆಯಾಗಿ ತುಕ್ಕಿಗೆ ಅವಕಾಶ ಹೆಚ್ಚುವುದು. ಆಗಾಗ್ಗೆ ಪೆಡಲನ್ನು ತುಸು ಬಲವಾಗಿ ಒತ್ತಿ ಪ್ಯಾಡುಗಳಿಗೆ ಕೆಲಸ ಕೊಡುವುದು ಅಲ್ಲಿ ಅವಶ್ಯಕ.

ಒಟ್ಟಿನಲ್ಲಿ, ಬೆಳಗಿನ ತೆಳು ಕೆಂಪಿಗೆ ಅಂಜಬೇಡಿರಿ. ಉಳಿದುಕೊಂಡ ಕೆಂಪನ್ನು ಅಲಕ್ಷಿಸಬೇಡಿರಿ. ಎರಡಕ್ಕೂ ಎಣ್ಣೆಯನ್ನು ಮಾತ್ರ ಮುಟ್ಟಿಸಬೇಡಿರಿ. ಹತ್ತು ಯಂತ್ರಗಳಿಗೆ ಹಿತವಾದುದು ಹನ್ನೊಂದನೆಯದಕ್ಕೆ ವಿಷವಾಗಬಹುದು. ಆದುದರಿಂದ ಇಂಥ ಭಾಗಕ್ಕೆ ಮದ್ದು ಮಾಡುವ ಮೊದಲು ಅದರ ಕೆಲಸವೇನೆಂದು ಕೇಳಿ ತಿಳಿದುಕೊಳ್ಳುವುದು ವಿವೇಕಿಗಳ ಲಕ್ಷಣ.